ಬುಲೆಟ್ 350 ಕಾಸ್ಟ್ ಐರನ್: ರಾಕರ್ ಕವರ್ ಪ್ಯಾಕಿಂಗ್ ಬದಲಿಸಿದರೂ ಎಣ್ಣೆ ಸೋರುತ್ತಿದೆ

ಕೊಪ್ಪ350

ಎಲ್ಲರಿಗೂ ನಮಸ್ಕಾರ. ನನ್ನದು 1996ರ ಬುಲೆಟ್ 350. ಕಾಸ್ಟ್ ಐರನ್ (ಎರಕದ ಕಬ್ಬಿಣದ ಬ್ಯಾರಲ್) ಎಂಜಿನ್, ಪಾಯಿಂಟ್ ಗಾಡಿ, ಬಲಗಾಲಿನ ಗೇರು. ಅಪ್ಪ ಕೊಂಡಿದ್ದು, ಈಗ ನಾನು ಓಡಿಸುತ್ತಿದ್ದೇನೆ.

ಹೆಡ್ ಮೇಲಿನ ಎರಡು ರಾಕರ್ ಕವರ್‌ಗಳ (ವಾಲ್ವ್ ಒತ್ತುವ ರಾಕರ್‌ಗಳ ಮುಚ್ಚಳ) ಹತ್ತಿರ ಎಣ್ಣೆ ಜಿನುಗುತ್ತಿದೆ. ಪೇಟೆಗೆ ಹೋಗಿ ಬರುವಷ್ಟರಲ್ಲಿ ಬಲಗಡೆ ಫಿನ್‌ಗಳೆಲ್ಲ ಒದ್ದೆ, ಪ್ಯಾಂಟಿನ ಮೇಲೂ ಕಲೆ. ಇಲ್ಲಿನ ಒಂದು ಗ್ಯಾರೇಜಿನಲ್ಲಿ ಪ್ಯಾಕಿಂಗ್ ಬದಲಿಸಿ, ಮೇಲೆ ಸಿಲಿಕಾನ್ ಪೇಸ್ಟ್ ಹಚ್ಚಿ ಕೊಟ್ಟರು. ಸ್ವಲ್ಪ ದಿನ ಸರಿಯಿತ್ತು, ಮತ್ತೆ ಶುರುವಾಯಿತು. ನಟ್ ಇನ್ನೂ ಬಿಗಿ ಮಾಡಿದರೆ ನಿಲ್ಲುತ್ತದೆ ಅಂತ ಹೇಳುತ್ತಿದ್ದಾರೆ.

ಈ ಸಲ ಮನೆಯಲ್ಲಿ ನಾನೇ ಮಾಡೋಣ ಅಂತಿದ್ದೇನೆ. ಕಾರ್ಕ್ ಹಾಕಲಾ, ರಬ್ಬರ್ ಹಾಕಲಾ? ಪೇಸ್ಟ್ ಬೇಕಾ? ಕವರ್ ತೆಗೆದ ಮೇಲೆ ಟ್ಯಾಪೆಟ್ (ವಾಲ್ವ್ ಸಂದು) ಮತ್ತೆ ಸೆಟ್ ಮಾಡಬೇಕಾ? ಮಳೆಗಾಲ ಹತ್ತಿರ ಬಂತು, ಅದಕ್ಕೆ ಮೊದಲು ಮುಗಿಸಬೇಕು.

ಮಂಡ್ಯ_ಥಂಪ್

ರಬ್ಬರ್ ಹಾಕಿ ಸರ್. ಕಾರ್ಕ್ ಒಣಗಿ ಗಟ್ಟಿಯಾಗಿ ಚೂರಾಗುತ್ತದೆ. ಎರಡೂ ಕಡೆ ಅನಾಬಾಂಡ್ ಪೇಸ್ಟ್ ತೆಳ್ಳಗೆ ಹಚ್ಚಿ, ಒಂದು ರಾತ್ರಿ ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿ. ಕವರ್ ಬಿಚ್ಚಿದ ಮೇಲೆ ಟ್ಯಾಪೆಟ್ ಸೆಟ್ ಮಾಡಲೇಬೇಕು.

ಹಾಸನ_ಹಳೇಗಾಡಿ

ಕೊಪ್ಪದವರೇ, ದಯವಿಟ್ಟು ನಟ್ ಬಿಗಿ ಮಾಡಿಸಬೇಡಿ. ಈ ಎಂಜಿನ್‌ನಲ್ಲಿ ಒಂದೊಂದು ರಾಕರ್ ಕವರನ್ನೂ ನಡುವಿನ ಒಂದೇ ನಟ್ ಹಿಡಿದುಕೊಂಡಿರುತ್ತದೆ. ಕವರ್ ಅಲ್ಯೂಮಿನಿಯಂ. ನಡುವೆ ಜೋರಾಗಿ ಒತ್ತಿದರೆ ಅಂಚು ಸೊಟ್ಟಗಾಗುತ್ತದೆ, ಮೂಲೆಯಲ್ಲಿ ಒತ್ತಡ ಸಾಲುವುದಿಲ್ಲ. ಬಿಗಿ ಮಾಡಿದಷ್ಟೂ ಜಾಸ್ತಿ ಸೋರುತ್ತದೆ. ಇನ್ನೂ ಬಿಗಿ ಮಾಡಿದರೆ ಹೆಡ್‌ನಲ್ಲಿರುವ ಸ್ಟಡ್‌ನ ಥ್ರೆಡ್ಡೇ ಕಿತ್ತು ಬರುತ್ತದೆ. ಆಮೇಲೆ ಲೇತ್ ಅಂಗಡಿಗೆ ಹೋಗಿ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿಸಬೇಕು.

ಇನ್ನೊಂದು ಮಾತು. ಹೊಸ ಪ್ಯಾಕಿಂಗ್ ಹಾಕಿಯೂ ಬೇಗ ಮತ್ತೆ ಶುರುವಾಗಿದೆ ಅಂದರೆ, ತಪ್ಪು ಪ್ಯಾಕಿಂಗ್‌ನದ್ದೇ ಅಂತ ನನಗೆ ಅನ್ನಿಸುತ್ತಿಲ್ಲ. ಬಿಚ್ಚುವ ಮೊದಲು ಎಣ್ಣೆ ಎಲ್ಲಿಂದ ಬರುತ್ತಿದೆ ಅಂತ ಖಚಿತ ಮಾಡಿಕೊಳ್ಳಿ. ಈ ಎಂಜಿನ್‌ನಲ್ಲಿ ರಾಕರ್ ಕವರ್ ಸೋರಿದ ಹಾಗೇ ಕಾಣುವ ಜಾಗಗಳು ಬೇರೆಯೂ ಇವೆ.

ರಾಕರ್‌ಗೆ ಎಣ್ಣೆ ಕೊಡುವ ಸಣ್ಣ ಪೈಪ್ ಹೊರಗಿನಿಂದ ಮೇಲಕ್ಕೆ ಹೋಗುತ್ತದಲ್ಲ, ಅದರ ತುದಿ ಹಿಡಿದಿರುವ ಬ್ಯಾಂಜೊ ಬೋಲ್ಟ್‌ಗಳಲ್ಲಿ ತಾಮ್ರದ ವಾಶರ್ ಇರುತ್ತದೆ. ಅದು ಗಟ್ಟಿಯಾದರೆ ಅಲ್ಲಿಂದ ಜಿನುಗಿ ಕವರ್ ಅಂಚಿನ ಉದ್ದಕ್ಕೂ ಹರಿಯುತ್ತದೆ. ನೋಡುವವರು ಕವರನ್ನೇ ದೂರುತ್ತಾರೆ. ಕೆಳಗಿನಿಂದ ರಾಕರನ್ನು ತಳ್ಳುವ ಕಡ್ಡಿ, ಅಂದರೆ ಪುಶ್‌ರಾಡ್, ಹೋಗುವ ದಾರಿ ಬ್ಯಾರಲ್ ಮತ್ತು ಹೆಡ್‌ನ ಎರಕದಲ್ಲೇ ಇದೆ, ಬಲಗಡೆ. ಅಲ್ಲಿ ಹೆಡ್ ಗ್ಯಾಸ್ಕೆಟ್ ಬಿಟ್ಟರೂ ಬಲಗಡೆ ಫಿನ್ನೇ ಒದ್ದೆಯಾಗುತ್ತದೆ. ಕಿಕ್ ಹೊಡೆಯುವಾಗ ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರ್ ವಾಲ್ವ್ ಸರಿಯಾಗಿ ಕೂರದಿದ್ದರೆ ಅದೂ ಉಗುಳುತ್ತದೆ. ಆದರೆ ಅದು ಮಸಿ ಬೆರೆತ ಕಪ್ಪು ಎಣ್ಣೆ, ಬಟ್ಟೆಯಲ್ಲಿ ಒರೆಸಿದರೆ ಗೊತ್ತಾಗುತ್ತದೆ. ಕವರ್‌ನಿಂದ ಬರುವುದು ಎಂಜಿನ್ ಎಣ್ಣೆಯ ಬಣ್ಣದಲ್ಲೇ ಇರುತ್ತದೆ.

ಪತ್ತೆ ಮಾಡಲು ಒಂದು ಸುಲಭ ದಾರಿ ಇದೆ. ಹೆಡ್ ಪೂರ್ತಿ ತಣ್ಣಗಿರುವಾಗ ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ. ಹಸಿ ಇರುವಾಗ ಸ್ಟಾರ್ಟ್ ಮಾಡಬೇಡಿ. ಆಮೇಲೆ ಕವರ್ ಅಂಚು, ಬ್ಯಾಂಜೊ, ಹೆಡ್ ಬ್ಯಾರಲ್ ಸೇರುವ ಗೆರೆ, ಎಲ್ಲಕ್ಕೂ ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ಟಾರ್ಚ್ ಹಿಡಿದು ನೋಡುತ್ತಾ ಕೂರಿ. ಬಿಳಿ ಪೌಡರ್ ಮೊದಲು ಎಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೋ ಸೋರುವ ಜಾಗ ಅದೇ. ಒಂದು ಸುತ್ತು ಓಡಿಸಿ ಬಂದು ನೋಡಿದರೆ ಗಾಳಿಗೆ ಎಣ್ಣೆ ಎಲ್ಲ ಕಡೆ ಹರಡಿರುತ್ತದೆ, ಏನೂ ತಿಳಿಯುವುದಿಲ್ಲ.

ಕೊಪ್ಪ350

ತುಂಬಾ ಥ್ಯಾಂಕ್ಸ್ ಸರ್. ಪೌಡರ್ ಹಾಕಿ ನೋಡುತ್ತೇನೆ. ಆದರೆ ಎರಡೂ ಕವರ್ ಒಟ್ಟಿಗೆ ಸೋರುತ್ತಿರುವ ಹಾಗಿದೆ. ಕೆಳಗೆ ಟ್ಯಾಪೆಟ್ ಕವರ್ ಹತ್ತಿರವೂ ಸ್ವಲ್ಪ ಪಸೆ ಇದೆ.

ಹಾಸನ_ಹಳೇಗಾಡಿ

ಹಾಗಾದರೆ ಮೊದಲು ಬ್ರೀದರ್ ನೋಡಿ. ಎರಡು ಮೂರು ಜಾಗದಲ್ಲಿ ಒಟ್ಟಿಗೆ ಸೋರುತ್ತಿದೆ ಅಂದರೆ ಒಳಗೆ ಒತ್ತಡ ಕಟ್ಟಿಕೊಳ್ಳುತ್ತಿದೆ ಅಂತಲೇ ಲೆಕ್ಕ.

ಬುಲೆಟ್ 350ರ ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90. ಒಟ್ಟು 346 ಸಿಸಿ. ಪಿಸ್ಟನ್ ಒಂದೊಂದು ಸಲ ಕೆಳಗಿಳಿದಾಗಲೂ ಅಷ್ಟೇ ಗಾಳಿಯನ್ನು ಕ್ರ್ಯಾಂಕ್‌ಕೇಸಿನೊಳಗೆ ಅದುಮುತ್ತದೆ. ಒಂದೇ ಸಿಲಿಂಡರ್ ಆದ್ದರಿಂದ ಇದನ್ನು ಸರಿದೂಗಿಸಲು ಪಕ್ಕದಲ್ಲಿ ಇನ್ನೊಂದು ಪಿಸ್ಟನ್ ಇಲ್ಲ. ಆ ಗಾಳಿ ಬ್ರೀದರ್‌ನಲ್ಲೇ ಹೊರಗೆ ಹೋಗಬೇಕು. ಹಳೇ ಗಾಡಿಗಳಲ್ಲಿ ಬಾತುಕೋಳಿ ಕೊಕ್ಕಿನ ಆಕಾರದ ರಬ್ಬರ್ ಬ್ರೀದರ್ ಇರುತ್ತದೆ, ಡಕ್‌ಬಿಲ್ ಅಂತಾರೆ. ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ವರ್ಷಗಟ್ಟಲೆ ಬಿಸಿ ಎಣ್ಣೆ ತಾಗಿ ಅದು ಗಟ್ಟಿಯಾಗುತ್ತದೆ. ತುಟಿ ಅಂಟಿಕೊಂಡರೆ ಒಳಗಿನ ಗಾಳಿಗೆ ದಾರಿಯೇ ಇಲ್ಲ, ವೆಯ್ಟ್ ತೂತು ಕಟ್ಟಿಕೊಂಡ ಕುಕ್ಕರಿನ ಹಾಗೆ. ಆಗ ಪುಶ್‌ರಾಡ್ ದಾರಿಯಲ್ಲಿ ಮೇಲೆ ಹತ್ತಿ, ಎಲ್ಲಿ ಪ್ಯಾಕಿಂಗ್ ಮೆತ್ತಗಿದೆಯೋ ಅಲ್ಲಿಂದ ಎಣ್ಣೆಯನ್ನು ತಳ್ಳುತ್ತದೆ. ನೀವು ಎಂಥ ಪ್ಯಾಕಿಂಗ್ ಹಾಕಿದರೂ ಅಷ್ಟೇ.

ಎಂಜಿನ್ ಓಡುತ್ತಿರುವಾಗ ಬ್ರೀದರ್ ಬಾಯಿಗೆ ಬೆರಳು ಹಿಡಿಯಿರಿ. ಪುಸ್ ಪುಸ್ ಅಂತ ಗಾಳಿ ತಾಗಬೇಕು. ತಾಗದಿದ್ದರೆ ಕಟ್ಟಿಕೊಂಡಿದೆ. ನಿಮ್ಮದರಲ್ಲಿ ಪೈಪ್ ಹಾಕಿ ಡಬ್ಬಿಗೆ ಬಿಟ್ಟಿದ್ದರೆ ಆ ಪೈಪ್ ಎಲ್ಲಾದರೂ ಮಡಚಿದೆಯಾ ನೋಡಿ. ಇನ್ನು ಗಾಳಿ ತುಂಬಾ ಜೋರಾಗಿ, ಹೊಗೆ ಸಮೇತ ಬರುತ್ತಿದ್ದರೆ ರಿಂಗ್ ಸವೆದಿವೆ. ಅದು ಬೇರೆಯೇ ಕೆಲಸ.

ಎಣ್ಣೆ ಮಟ್ಟವನ್ನೂ ನೋಡಿ. ಸೋರುತ್ತದೆ ಅಂತ ಹೆಚ್ಚಿಗೆ ಹಾಕುವವರು ಬಹಳ. ಗೆರೆ ಮೀರಿ ಹಾಕಿದರೆ ಸೋರುವುದೂ ಜಾಸ್ತಿಯೇ.

ಮಂಡ್ಯ_ಥಂಪ್

ಬ್ರೀದರ್ ವಿಷಯ ಒಪ್ಪುತ್ತೇನೆ ಸರ್. ಟ್ಯಾಪೆಟ್ ಬಗ್ಗೆ ನೀವೇನೂ ಹೇಳಲಿಲ್ಲ?

ಹಾಸನ_ಹಳೇಗಾಡಿ

ಬರೀ ಕವರ್ ಪ್ಯಾಕಿಂಗ್ ಬದಲಿಸಿದರೆ ಟ್ಯಾಪೆಟ್ ಮುಟ್ಟುವ ಅಗತ್ಯ ಇಲ್ಲ. ಬುಲೆಟ್‌ನಲ್ಲಿ ಅಡ್ಜಸ್ಟರ್ ಇರುವುದು ರಾಕರ್ ಹತ್ತಿರ ಅಲ್ಲ, ಪುಶ್‌ರಾಡ್‌ನ ಕೆಳತುದಿಯಲ್ಲಿ, ಟ್ಯಾಪೆಟ್ ಕವರ್ ಒಳಗೆ. ಮೇಲಿನ ಕವರ್ ಎತ್ತಿದರೆ ಸಂದು ಬದಲಾಗುವುದಿಲ್ಲ. ರಾಕರ್ ಬ್ಲಾಕ್ ಬಿಚ್ಚಿದರೆ, ಹೆಡ್ ಇಳಿಸಿದರೆ ಆಗ ಸೆಟ್ ಮಾಡಲೇಬೇಕು.

ಅವರ ಟ್ಯಾಪೆಟ್ ಕವರೂ ಪಸೆ ಇರುವುದರಿಂದ ಅದರ ಪ್ಯಾಕಿಂಗೂ ಬದಲಾಗುತ್ತದೆ. ಬಿಚ್ಚಿದ್ದೇವಲ್ಲ, ನೋಡಿಬಿಡುವುದು ಒಳ್ಳೆಯದೇ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಕಂಪ್ರೆಶನ್ ಸ್ಟ್ರೋಕಿನಲ್ಲಿ ಪಿಸ್ಟನ್ ಮೇಲಿರಬೇಕು. ಆಗ ಪುಶ್‌ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲುಗಾಡಬಾರದು. ಅಲ್ಯೂಮಿನಿಯಂ ಪುಶ್‌ರಾಡ್‌ಗೆ ಅದೇ ಲೆಕ್ಕ, ಫೀಲರ್ ಗೇಜ್ ಬೇಕಿಲ್ಲ. ಬಿಸಿ ಎಂಜಿನ್‌ನಲ್ಲಿ ಸೆಟ್ ಮಾಡಿದರೆ ತಣ್ಣಗಾದಾಗ ಪುಶ್‌ರಾಡ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಆಮೇಲೆ ಕಿಕ್ ಹೊಡೆದು ಹೊಡೆದು ಕಾಲು ನೋವು ಬರುತ್ತದೆ ಅಷ್ಟೇ, ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ

ಇಲ್ಲಿಂದ ಒಂದು ಮಾತು ಸೇರಿಸುತ್ತೇನೆ. ನನ್ನ ಹತ್ತಿರ ಇರುವುದು ಮದ್ರಾಸಿನಲ್ಲಿ ತಯಾರಾಗಿ ಇಂಗ್ಲೆಂಡಿಗೆ ಬಂದ ಬುಲೆಟ್. 1977ರಿಂದ ಎನ್‌ಫೀಲ್ಡ್ ಇಂಡಿಯಾ ಇಲ್ಲಿಗೆ ಕಳಿಸಲು ಶುರು ಮಾಡಿತಲ್ಲ, ಆ ಸಾಲಿನದು. ಮೂಲ ಕಾರ್ಖಾನೆ ಇದ್ದ ರೆಡಿಚ್ ಊರು ನಮ್ಮ ಮನೆಗೆ ಹತ್ತಿರವೇ.

ಸ್ಪ್ಯಾನರ್ ಬಗ್ಗೆ ಜೋಪಾನ. ಹಳೇ ಬುಲೆಟ್‌ನಲ್ಲಿ ಬಹಳಷ್ಟು ನಟ್‌ಗಳು ಇಂಗ್ಲೆಂಡಿನ ಹಳೇ ಇಂಚಿನ ಅಳತೆಯವು, ವಿಟ್‌ವರ್ತ್ ಸ್ಪ್ಯಾನರ್ ಬೇಕು. ನಡುವೆ ಯಾರೋ ಮಿಲಿಮೀಟರ್ ನಟ್ ಹಾಕಿರುವುದೂ ಉಂಟು. ಹತ್ತಿರ ಹತ್ತಿರ ಕೂರುವ ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಿರುಗಿಸಿದರೆ ನಟ್‌ನ ಮೂಲೆ ಸವೆದು ಗುಂಡಗಾಗುತ್ತದೆ. ರಿಂಗ್ ಸ್ಪ್ಯಾನರ್ ಅಥವಾ ಬಾಕ್ಸ್ ಹಾಕಿ ನೋಡಿ, ಅಲುಗಾಡದೆ ಕೂತರೆ ಮಾತ್ರ ಬಲ ಹಾಕಿ. ನಟ್ ಅಡಿಯ ಫೈಬರ್ ವಾಶರ್ ಕೂಡ ಹೊಸದು ಹಾಕಿ. ಸ್ಟಡ್ ಗುಂಟ ಮೇಲೆ ಬರುವ ಎಣ್ಣೆಯನ್ನು ತಡೆಯುವುದು ಆ ವಾಶರೇ. ಎಲ್ಲರೂ ಪ್ಯಾಕಿಂಗ್ ನೆನಪಿಟ್ಟುಕೊಳ್ಳುತ್ತಾರೆ, ಇದನ್ನು ಮರೆಯುತ್ತಾರೆ.

ಶಿವಾಜಿನಗರ_ಸ್ಪೇರ್ಸ್

ವಾಶರ್ ವಿಷಯ ನೂರಕ್ಕೆ ನೂರು ಸತ್ಯ. ನಮ್ಮ ಅಂಗಡಿಗೆ ಪ್ಯಾಕಿಂಗ್ ಕೇಳಿಕೊಂಡು ಬರುವವರು ವಾಶರ್ ಕೇಳುವುದೇ ಅಪರೂಪ, ನಾವೇ ಹೇಳಿ ಕೊಡಬೇಕು. ಕೊಳ್ಳುವಾಗ ಹಳೇ ಪ್ಯಾಕಿಂಗ್ ತನ್ನಿ. ಹಳೇ ಕಾಸ್ಟ್ ಐರನ್, ಆಮೇಲೆ ಬಂದ ಎವಿಎಲ್, ಯುಸಿಇ, ಮೂರು ಎಂಜಿನ್‌ಗೂ ಬೇರೆ ಬೇರೆ. ಬುಲೆಟ್ ಅಂದರೆ ಸಾಕು, ಎಲ್ಲಾ ಒಂದೇ ಅಂತ ಅಂದುಕೊಂಡು ಬರುತ್ತಾರೆ. ರಬ್ಬರ್ ಪ್ಯಾಕಿಂಗ್ ತೆಗೆದುಕೊಂಡರೆ ಅಲ್ಲೇ ಮಡಚಿ ನೋಡಿ. ಒಳ್ಳೆಯದಾದರೆ ಬಿಟ್ಟ ತಕ್ಷಣ ಮೊದಲಿನ ಆಕಾರಕ್ಕೆ ಬರುತ್ತದೆ, ಮಡಚಿದ ಕಡೆ ಬಿಳಿ ಗೆರೆ ಬೀಳುವುದಿಲ್ಲ. ಗೆರೆ ಬಿದ್ದರೆ ಬಹಳ ದಿನ ಸ್ಟಾಕ್ ಬಿದ್ದ ಮಾಲು, ಬೇಡ.

ಕೊಪ್ಪ350

ಬ್ರೀದರ್ ನೋಡಿದೆ. ರಬ್ಬರ್ ಕಲ್ಲಿನ ಹಾಗಾಗಿದೆ. ತುಟಿ ಅರ್ಧಕ್ಕಿಂತ ಹೆಚ್ಚು ಅಂಟಿಕೊಂಡಿತ್ತು, ಬೆರಳಿಗೆ ಗಾಳಿ ಗೊತ್ತೇ ಆಗುತ್ತಿರಲಿಲ್ಲ. ಹೊಸದನ್ನು ಜೆಸಿ ರಸ್ತೆಯಿಂದ ತರಿಸಿ ಹಾಕಿದೆ. ಆಮೇಲೆ ಪೌಡರ್ ಉದುರಿಸಿ ನೋಡಿದೆ. ಎಕ್ಸಾಸ್ಟ್ ಕಡೆಯ ಕವರ್ ಒಣಗಿಯೇ ಇದೆ! ಇನ್ಲೆಟ್ ಕಡೆಯದು ಹಿಂದಿನ ಮೂಲೆಯಲ್ಲಿ ಈಗಲೂ ಒದ್ದೆಯಾಗುತ್ತಿದೆ. ಸೋರುವುದಂತೂ ಬಹಳ ಕಡಿಮೆಯಾಗಿದೆ. ಈಗ ಕವರ್ ತೆಗೆಯುತ್ತೇನೆ. ಏನೇನು ನೋಡಬೇಕು?

ಹಾಸನ_ಹಳೇಗಾಡಿ

ಚೆನ್ನಾಯಿತು. ಈಗ ಪ್ಯಾಕಿಂಗ್ ಹಾಕಿದರೆ ನಿಲ್ಲುತ್ತದೆ.

ಟ್ಯಾಂಕ್ ಇಳಿಸಿಬಿಡಿ. ಇಳಿಸದೆಯೂ ಕೈ ಹೋಗುತ್ತದೆ, ಆದರೆ ಅಂಚು ಸ್ವಚ್ಛ ಮಾಡುವಾಗ ಕಣ್ಣಿಗೆ ಕಾಣುವುದಿಲ್ಲ. ಪೆಟ್ರೋಲ್ ಟ್ಯಾಪ್ ಮುಚ್ಚಿ ಪೈಪ್ ತೆಗೆಯಿರಿ. ಕವರ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣು, ಮರಳು ಬ್ರಷ್‌ನಿಂದ ತೆಗೆದುಬಿಡಿ. ನಮ್ಮ ಮಲೆನಾಡಿನ ಕೆಂಪು ಧೂಳು ಫಿನ್ ನಡುವೆ ಗಟ್ಟಿಯಾಗಿ ಕೂತಿರುತ್ತದೆ. ಕವರ್ ಎತ್ತಿದ ತಕ್ಷಣ ಅದು ರಾಕರ್ ಮೇಲೆ ಬಿದ್ದರೆ ಎಣ್ಣೆಯ ಜೊತೆ ಪೂರ್ತಿ ಎಂಜಿನ್ ಸುತ್ತುತ್ತದೆ.

ಕವರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ. ಒಂದು ಗೀರು ಬಿದ್ದರೂ ಎಣ್ಣೆಗೆ ಅದೇ ದಾರಿ. ಮರದ ತುಂಡು ಇಟ್ಟು ಪಕ್ಕದಿಂದ ಮೆಲ್ಲಗೆ ತಟ್ಟಿ, ಬಿಡುತ್ತದೆ. ಕವರ್ ತೆಗೆದ ಮೇಲೆ ಪುಶ್‌ರಾಡ್ ಇಳಿಯುವ ತೂತುಗಳಿಗೆ ಶುಭ್ರ ಬಟ್ಟೆ ತುರುಕಿ. ವೇಸ್ಟ್ ಬಟ್ಟೆ ಬೇಡ, ದಾರ ಬಿಡುತ್ತದೆ.

ಗ್ಯಾರೇಜಿನವರು ಹಚ್ಚಿದ ಸಿಲಿಕಾನ್ ಪೂರ್ತಿ ಕೆರೆಯಬೇಕು. ಹಿತ್ತಾಳೆ ಪಟ್ಟಿಯಲ್ಲೋ, ಹಳೇ ಪ್ಲಾಸ್ಟಿಕ್ ಕಾರ್ಡ್‌ನಲ್ಲೋ ಕೆರೆಯಿರಿ. ಬ್ಲೇಡ್ ಬೇಡ, ಹೆಡ್ ಅಲ್ಯೂಮಿನಿಯಂ, ಮೆತ್ತಗಿರುತ್ತದೆ. ಒಳಗಂಚಿನಲ್ಲಿ ಹುಳುವಿನ ಹಾಗೆ ಹೊರಬಂದ ಸಿಲಿಕಾನ್ ಕಾಣಿಸುತ್ತದೆ, ನೋಡಿ. ಅದನ್ನು ಒಂದೂ ಬಿಡದೆ ಎತ್ತಿ. ಅದು ಕಳಚಿ ಪುಶ್‌ರಾಡ್ ದಾರಿಯಲ್ಲಿ ಕೆಳಗಿಳಿದರೆ ಎಣ್ಣೆ ಓಡುವ ದಾರಿಗೆ ಅಡ್ಡ ಕೂರುತ್ತದೆ. ಪೇಸ್ಟ್ ಧಾರಾಳವಾಗಿ ಹಚ್ಚುವುದನ್ನು ನಾನು ವಿರೋಧಿಸುವುದು ಇದಕ್ಕೇ.

ಆಮೇಲೆ ಕವರ್‌ನ ಅಂಚು ಸಮ ಇದೆಯಾ ನೋಡಿ. ದಪ್ಪ ಗಾಜಿನ ಮೇಲೆ ಮಗುಚಿ ಇಟ್ಟು ಮೂಲೆಗಳನ್ನು ಒಂದೊಂದಾಗಿ ಒತ್ತಿ. ಟಕ್ ಟಕ್ ಅಂತ ಅಲುಗಾಡಿದರೆ ಸೊಟ್ಟಗಿದೆ. ಗಾಜಿನ ಮೇಲೆ 400 ನಂಬರಿನ ಉಪ್ಪುಕಾಗದ ಹಾಸಿ, ಸ್ವಲ್ಪ ಸೀಮೆಎಣ್ಣೆ ಬಿಟ್ಟು, ಕವರನ್ನು ಕನ್ನಡದ ಎಂಟರ ಆಕಾರದಲ್ಲಲ್ಲ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜಿ. ಸುತ್ತ ಒಂದೇ ಥರ ಹೊಳಪು ಬರುವವರೆಗೆ. ಹೊಳಪು ಬಾರದ ಜಾಗವೇ ತಗ್ಗು. ನಿಮ್ಮ ಹಿಂದಿನ ಮೂಲೆ ಅಲ್ಲೇ ಸಿಗುತ್ತದೆ ಅಂತ ನನ್ನ ಅಂದಾಜು. ಉಜ್ಜಿದ ಪುಡಿ ಒಂದು ಕಣವೂ ಉಳಿಯದ ಹಾಗೆ ತೊಳೆಯಿರಿ.

ಕವರ್ ತೆಗೆದಾಗ ರಾಕರ್ ಬ್ಲಾಕ್ ಕಾಣುತ್ತದೆ. ಕೈಯಲ್ಲಿ ರಾಕರ್ ಹಿಡಿದು ಅಲುಗಾಡಿಸಿ ಸವೆತ ನೋಡಿ, ಸಾಕು. ಬಿಚ್ಚಬೇಡಿ. ಅದು ಎರಡು ಹೋಳಿನ ಜೋಡಿ, ಇನ್ಲೆಟ್‌ನದು ಎಕ್ಸಾಸ್ಟ್‌ಗೆ ಹಾಕಬಾರದು, ಮೇಲಿನದು ಕೆಳಗಿನದು ಜೋಡಿ ತಪ್ಪಬಾರದು.

ಮಂಡ್ಯ_ಥಂಪ್

ಪೇಸ್ಟ್ ಹಾಕಲೇಬಾರದು ಅಂತೀರಾ? ಹಳೇ ಕವರ್ ಎಷ್ಟೇ ಉಜ್ಜಿದರೂ ಸಣ್ಣ ಗೀರು ಉಳಿಯುತ್ತದೆ. ಬರೀ ಪ್ಯಾಕಿಂಗ್ ಅದನ್ನು ಮುಚ್ಚುವುದಿಲ್ಲ ಅನ್ನುವುದು ನನ್ನ ಅನುಭವ.

ಹಾಸನ_ಹಳೇಗಾಡಿ

ಗೀರಿದ್ದರೆ ಹಾಕಿ, ಆದರೆ ಕವರ್ ಕಡೆ ಮಾತ್ರ. ಬೆರಳ ತುದಿಯಲ್ಲಿ ಹಚ್ಚಿದರೆ ಕೆಳಗಿನ ಲೋಹ ಕಾಣಬೇಕು, ಅಷ್ಟು ತೆಳ್ಳಗೆ. ಪ್ಯಾಕಿಂಗ್ ಅಂಟಿಸಿ, ಕವರನ್ನು ಗಾಜಿನ ಮೇಲೆ ಮಗುಚಿ ಸ್ವಲ್ಪ ಭಾರ ಇಟ್ಟು ಒಣಗಲು ಬಿಡಿ. ಗಾಜಿಗೆ ಅಂಟದ ಹಾಗೆ ನಡುವೆ ಪ್ಲಾಸ್ಟಿಕ್ ಹಾಳೆ ಇರಲಿ. ಹೆಡ್ ಕಡೆಗೆ ಬರೀ ಗ್ರೀಸ್ ಸವರಿ. ಮುಂದಿನ ಸಲ ಬಿಚ್ಚಿದಾಗ ಪ್ಯಾಕಿಂಗ್ ಹರಿಯದೆ ಕವರ್ ಜೊತೆಗೇ ಬರುತ್ತದೆ, ಮತ್ತೆ ಅದನ್ನೇ ಹಾಕಬಹುದು.

ಬಿಗಿ ಮಾಡುವಾಗ ಮೊದಲು ನಟ್ ಕೈಯಲ್ಲೇ ತಿರುಗಿಸಿ. ಕವರನ್ನು ನಾಲ್ಕೂ ಕಡೆ ಬೆರಳಲ್ಲಿ ಒತ್ತಿ ಕೂರಿಸಿ. ಆಮೇಲೆ ಸಣ್ಣ ಸ್ಪ್ಯಾನರ್‌ನಲ್ಲಿ ಸ್ವಲ್ಪ ಸ್ವಲ್ಪ. ಪ್ಯಾಕಿಂಗ್ ಸುತ್ತಲೂ ಸಮವಾಗಿ ಅಮುಕಿದ್ದು ಕಂಡರೆ ನಿಲ್ಲಿಸಿ. ಒಂದು ಸಲ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಮುಟ್ಟಿ ನೋಡಿ. ಕಾರ್ಕ್ ಹಾಕಿದ್ದರೆ ಅಮುಕಿಕೊಂಡು ನಟ್ ಸಡಿಲ ಆಗಿರುತ್ತದೆ, ಚೂರು ಬಿಗಿ ಮಾಡಿ.

ನಿಮ್ಮ ಮೊದಲ ಪ್ರಶ್ನೆ ಬಾಕಿ ಉಳಿಯಿತು. ಅಂಚು ಸಮ ಇದ್ದರೆ ರಬ್ಬರ್ ಒಳ್ಳೆಯದು, ಬಹಳ ದಿನ ಬರುತ್ತದೆ. ಉಜ್ಜಿದ ಮೇಲೂ ಅಲ್ಪಸ್ವಲ್ಪ ತಗ್ಗು ಉಳಿದಿದ್ದರೆ ಕಾರ್ಕ್. ಅದು ಹೆಚ್ಚು ಅಮುಕಿ ತಗ್ಗನ್ನು ತುಂಬುತ್ತದೆ.

ಕ್ಲಾಸಿಕ್_ತುಮಕೂರು

ನನ್ನದು ಕ್ಲಾಸಿಕ್ 350, ಯುಸಿಇ ಎಂಜಿನ್. ಇದೇ ಕ್ರಮ ನಡೆಯುತ್ತದಾ? ರಾಕರ್ ಕವರ್ ಹತ್ತಿರ ನನಗೂ ಸ್ವಲ್ಪ ಪಸೆ ಇದೆ.

ಶಿವಾಜಿನಗರ_ಸ್ಪೇರ್ಸ್

ಯುಸಿಇ ಬೇರೆ ಸರ್. ಅದರಲ್ಲಿ ಕವರ್‌ಗೆ ಸುತ್ತ ಹಲವು ಬೋಲ್ಟ್ ಇರುತ್ತವೆ. ಎದುರು ಬದುರು ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಬರಬೇಕು, ಟಾರ್ಕ್ ರೆಂಚ್ ಇದ್ದರೆ ಸರ್ವೀಸ್ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ. ಟ್ಯಾಪೆಟ್ ಹೈಡ್ರಾಲಿಕ್, ಸೆಟ್ ಮಾಡುವ ಕೆಲಸವೇ ಇಲ್ಲ. ಡಕ್‌ಬಿಲ್ ಇಲ್ಲ, ಆದರೆ ಬ್ರೀದರ್ ಪೈಪ್ ಇದೆ, ಅದನ್ನು ನೋಡಿ. 2020ರಲ್ಲಿ ಮೀಟಿಯರ್ ಜೊತೆ ಬಂದ ಹೊಸ 349 ಸಿಸಿ ಎಂಜಿನ್ ಆದರೆ ಅದರಲ್ಲಿ ಪುಶ್‌ರಾಡೇ ಇಲ್ಲ, ಕ್ಯಾಮ್ ಮೇಲೆ ಹೆಡ್‌ನಲ್ಲೇ ಇದೆ. ನಿಮ್ಮ ಕ್ಲಾಸಿಕ್ ಯಾವ ವರ್ಷದ್ದು ಅಂತ ಮೊದಲು ನೋಡಿಕೊಳ್ಳಿ. ವಾರಂಟಿ ಇದ್ದರೆ ನೀವು ಮುಟ್ಟಬೇಡಿ, ಶೋರೂಮಿಗೇ ಕೊಡಿ.

ಕೊಪ್ಪ350

ಕೆಲಸ ಮುಗಿಯಿತು. ಇನ್ಲೆಟ್ ಕವರ್ ಗಾಜಿನ ಮೇಲೆ ಇಟ್ಟಾಗ ಹಿಂದಿನ ಮೂಲೆ ಎದ್ದೇ ಇತ್ತು. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಸಮ ಮಾಡಿದೆ. ಒಳಗೆ ಸಿಲಿಕಾನ್ ಎಳೆ ನೇತಾಡುತ್ತಿತ್ತು, ಒಂದು ಇನ್ನೇನು ಕಳಚಿ ಬೀಳುವುದರಲ್ಲಿತ್ತು. ಎರಡೂ ಕವರ್‌ಗೆ ರಬ್ಬರ್ ಹಾಕಿದೆ, ಫೈಬರ್ ವಾಶರ್ ಹೊಸದು, ಟ್ಯಾಪೆಟ್ ಕವರ್‌ಗೆ ಕಾರ್ಕ್. ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗುತ್ತಿವೆ.

ಶೃಂಗೇರಿ ತನಕ ಹೋಗಿ ಬಂದೆ, ಕವರ್ ಎರಡೂ ಒಣಗಿವೆ. ಮತ್ತೆ ಪೌಡರ್ ಹಾಕಿ ನೋಡಿದಾಗ ರಾಕರ್ ಎಣ್ಣೆ ಪೈಪಿನ ಮೇಲಿನ ಬ್ಯಾಂಜೊ ಹತ್ತಿರ ಮಾತ್ರ ಒಂದು ಚುಕ್ಕೆ ಕಂದಾಯಿತು. ತಾಮ್ರದ ವಾಶರ್ ಇಲ್ಲಿ ಸಿಗುತ್ತಿಲ್ಲ. ಬೋಲ್ಟ್ ಸ್ವಲ್ಪ ಬಿಗಿ ಮಾಡಿಬಿಡಲಾ?

ಹಾಸನ_ಹಳೇಗಾಡಿ

ಬೇಡ. ಬ್ಯಾಂಜೊ ಬೋಲ್ಟ್ ಒಳಗೆ ಟೊಳ್ಳು, ಎಣ್ಣೆ ಹೋಗುವುದೇ ಅದರೊಳಗೆ. ಜೋರು ಮಾಡಿದರೆ ಕತ್ತಿನಲ್ಲಿ ಮುರಿಯುತ್ತದೆ, ಅರ್ಧ ಹೆಡ್‌ನಲ್ಲೇ ಉಳಿಯುತ್ತದೆ.

ಹಳೇ ವಾಶರನ್ನೇ ಮತ್ತೆ ಮೆತ್ತಗೆ ಮಾಡಬಹುದು. ಬಿಚ್ಚಿ, ಎಣ್ಣೆ ಪೂರ್ತಿ ಒರೆಸಿ, ತಂತಿಯಲ್ಲಿ ಪೋಣಿಸಿ ಗ್ಯಾಸ್ ಒಲೆಯ ಉರಿಗೆ ಹಿಡಿಯಿರಿ. ಮಂಕು ಕೆಂಪು ಬಣ್ಣ ಬಂದ ಮೇಲೆ ನೀರಿಗೆ ಅದ್ದಿ. ಗಟ್ಟಿ ಉಕ್ಕು ಆದರೆ ಹೀಗೆ ಮಾಡಿದರೆ ಇನ್ನೂ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಮೇಲೆ ಕೂತ ಕರಿ ಪದರವನ್ನು ನುಣ್ಣನೆಯ ಉಪ್ಪುಕಾಗದದಲ್ಲಿ ಎರಡೂ ಕಡೆ ತೆಗೆದು, ತೊಳೆದು ಹಾಕಿ. ಬ್ಯಾಂಜೊ ಎರಡೂ ಪಕ್ಕ ಒಂದೊಂದು ವಾಶರ್ ಇರುತ್ತದೆ, ಎರಡನ್ನೂ ಕಾಯಿಸಿ. ಸ್ಟಾರ್ಟ್ ಮಾಡಿದ ಮೇಲೆ ರಾಕರ್‌ಗೆ ಎಣ್ಣೆ ಬರುತ್ತಿದೆಯಾ ಅಂತ ಒಂದು ಸಲ ನೋಡಿಯೇ ಗಾಡಿ ಹೊರಗೆ ತೆಗೆಯಿರಿ.

ಕೊಪ್ಪ350

ಸರಿ ಸರ್, ಸಂಜೆ ಮಾಡಿ ನೋಡಿ ಇಲ್ಲೇ ಬರೆಯುತ್ತೇನೆ.